ಬೇವಾರ್ಸಿ ಎನ್ನುವ ಮುನ್ನ

ನಾಲಗೆಯ ಪಾಪಗಳು ಎಂದೊಡನೆ ನಮಗೆ ನೆನಪಾಗುವುದು ಸುಳ್ಳು, ಚಾಡಿ ಮತ್ತು ಪರನಿಂದೆ. ಇವುಗಳಿಂದ ದೂರವಿರಲು ಪ್ರಯತ್ನಿಸುವವರೂ ಇನ್ನೊಂದು ಪಾಪವನ್ನು ಪಾಪವೆಂದೇ ಎಣಿಸುವುದಿಲ್ಲ. ಅದು ಮನೆಮಠವಿಲ್ಲದ ಬಡವನಿಗೆ ನಾವು ಇಡುವ ಹೆಸರು. ದುಂಡಸಿ, ಶಿಗ್ಗಾಂವಿ, ಸವಣೂರು, ಹಾನಗಲ್ಲಿನ ಕಡೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗಿದವನಿಗೆ ತಿರುಬೋಕಿ, ಭಿಕಾರಿ, ಬೇವಾರ್ಸಿ ಎಂಬ ಮಾತುಗಳು ಎಷ್ಟು ಸಲೀಸಾಗಿ ಬಂದುಬಿಡುತ್ತವೆ! ಬಾಗಿಲಿಗೆ ಬಂದವರು ಯಾರೆಂದು ತಾಯಿ ಒಳಗಿನಿಂದ ಕೇಳಿದರೆ, "ಕೋಯಿ ನೈ ಅಮ್ಮಾ, ಭಿಕಾರಿ ಹೈ" ಎಂದು ಮಗು ಉತ್ತರಿಸುತ್ತದೆ. ಯಾರೂ ಇಲ್ಲವಂತೆ, ಭಿಕಾರಿಯಂತೆ! ಭಿಕಾರಿ ಎಂದರೆ ಯಾರೂ ಅಲ್ಲ ಎಂಬುದನ್ನು ಆ ಮಗು ಕಲಿತದ್ದು ನಮ್ಮಿಂದಲೇ ಅಲ್ಲವೇ?

ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ ಹನ್ನೊಂದನೆಯ ಸೂಕ್ತವು ಸತ್ಯವಿಶ್ವಾಸಿಗಳನ್ನು ಸಂಬೋಧಿಸಿ, ಒಬ್ಬರನ್ನೊಬ್ಬರು ಗೇಲಿ ಮಾಡುವುದನ್ನೂ ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸಿದೆ. ಗೇಲಿಗೊಳಗಾದವರು ಗೇಲಿ ಮಾಡುವವರಿಗಿಂತ ಉತ್ತಮರಾಗಿರಬಹುದು ಎಂದೂ ಎಚ್ಚರಿಸಿದೆ. ಹ. ಅಬೂದರ್(ರ)ರಂತಹ ಮಹಾನ್ ಸಹಾಬಿಯು ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ಅವರಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಗದರಿಸಿದ್ದರು. ಅದು ಒಂದೇ ಒಂದು ಮಾತಿಗೆ!

ಈಗ ನಮ್ಮ ಬೈಗುಳಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ. 'ಬೇವಾರ್ಸಿ'ಯಲ್ಲಿರುವುದು ಫಾರಸಿಯ 'ಬೇ' ಮತ್ತು ಅರಬಿಯ 'ವಾರಿಸ್'. ಅಂದರೆ ವಾರಸುದಾರನಿಲ್ಲದವನು, ತನ್ನವನೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು. ಆದರೆ ಅಂತಹವನಿಗೂ ಇಸ್ಲಾಮ್ ಒಬ್ಬ ವಾರಸುದಾರನನ್ನು ತೋರಿಸಿದೆ. ಯಾರಿಗೆ ವಾರಸುದಾರರಿಲ್ಲವೋ ಅವರ ವಾರಸುದಾರ ತಾವೇ ಎಂದು ಪ್ರವಾದಿವರ್ಯರು(ಸ) ಘೋಷಿಸಿದ್ದನ್ನು ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಕಾಣಬಹುದು. ಅವನು ಕೊಡಬೇಕಾದ ಪರಿಹಾರಧನದ ಹೊಣೆಯನ್ನೂ ಅವರು ತಮ್ಮ ಮೇಲೆ ಹೊತ್ತುಕೊಂಡರು. ಪ್ರವಾದಿವರ್ಯರು(ಸ) ತಮ್ಮವನೆಂದು ಹೇಳಿಕೊಂಡವನನ್ನು ನಾವು ಬೇವಾರ್ಸಿ ಎನ್ನುವುದು ಹೇಗೆ? 'ಅಲ್ ವಾರಿಸ್' ಎಂಬುದು ಅಲ್ಲಾಹನ ಪವಿತ್ರ ನಾಮಗಳಲ್ಲಿ ಒಂದೆಂಬುದನ್ನೂ ಮರೆಯಬಾರದು.

'ಫಕೀರ' ಎಂಬ ಪದವನ್ನು ನೋಡಿ. ಎಲ್ಲ ಕಳೆದುಕೊಂಡವನನ್ನು ಫಕೀರನಾದ ಎಂದು ಆಡಿಕೊಳ್ಳುತ್ತೇವೆ. ಆದರೆ ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಸೂರಃ ಅತ್ತೌಬಃ ಎಣಿಸುವಾಗ ಮೊದಲು ಹೇಳುವುದೇ ಫಕೀರರನ್ನು. ನಮ್ಮದೇ ಸೀಮೆಯ ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿ, ಹಿಂದೂ ಸಹೋದರರ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳಲ್ಲಿ ಈ ಪದಕ್ಕೆ ಎಷ್ಟೊಂದು ಗೌರವವಿದೆ! ಅದೇ ಎಂಟು ವರ್ಗಗಳಲ್ಲಿ ಕೊನೆಯದು 'ಇಬ್ನುಸ್ಸಬೀಲ್'. ಅಕ್ಷರಶಃ ಅರ್ಥ 'ದಾರಿಯ ಮಗ'. ನಾವು ಬೀದಿಪಾಲಾದವನು ಎಂದು ತಳ್ಳಿಬಿಡುವ ಜಾಗದಲ್ಲಿ, ದಾರಿಯಲ್ಲಿ ನೆಲೆಯಿಲ್ಲದೆ ನಿಂತವನಿಗೆ ಕುರ್‌ಆನ್ ಹಕ್ಕು ನೀಡಿದೆ. ನಾವು ಅವನಿಗೆ ಕೊಡುವುದು ಭಿಕ್ಷೆಯಲ್ಲ, ನಮ್ಮ ಸಂಪತ್ತಿನಲ್ಲಿರುವ ಅವನ ಪಾಲು.

ಮದೀನಾದ ಮಸೀದಿಯ 'ಸುಫ್ಫಾ' ಎಂಬ ನೆರಳಿನಡಿ ವಾಸಿಸುತ್ತಿದ್ದವರಿಗೆ ಮನೆಯಿರಲಿಲ್ಲ, ಸಂಸಾರವಿರಲಿಲ್ಲ, ಹಣವಿರಲಿಲ್ಲ. ಆದರೆ ಅವರನ್ನು ಕರೆಯುತ್ತಿದ್ದುದು 'ಇಸ್ಲಾಮಿನ ಅತಿಥಿಗಳು' ಎಂದು. ಒಮ್ಮೆ ಒಂದು ಬಟ್ಟಲು ಹಾಲು ಬಂದಾಗ ಪ್ರವಾದಿವರ್ಯರು(ಸ) ಅವರನ್ನೆಲ್ಲ ಕರೆಸಿ ಕುಡಿಸಿ, ಎಲ್ಲರಿಗಿಂತ ಕೊನೆಗೆ ತಾವು ಕುಡಿದರು. ಆ ದಿನ ಹಸಿದಿದ್ದ ಸುಫ್ಫಾವಾಸಿ ಹ. ಅಬೂಹುರೈರಾ(ರ)ರಿಂದಲೇ ಇಂದು 5,000ಕ್ಕೂ ಹೆಚ್ಚು ಹದೀಸ್‌ಗಳು ನಮಗೆ ತಲುಪಿವೆ.

"ಇವರೆಲ್ಲ ಸೋಮಾರಿಗಳು, ದುಡಿದು ತಿನ್ನಲಿ" ಎನ್ನುವವರಿದ್ದಾರೆ. ಬೇಡುವುದನ್ನು ಇಸ್ಲಾಮ್ ಪ್ರೋತ್ಸಾಹಿಸುವುದಿಲ್ಲ, ನಿಜ. ಆದರೆ ಬೇಡಲು ಬಂದ ಅನ್ಸಾರಿಯೊಬ್ಬರನ್ನು ಪ್ರವಾದಿವರ್ಯರು(ಸ) ಹೀಯಾಳಿಸಲಿಲ್ಲ. ಅವರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಎರಡು ದಿರ್‌ಹಮಿಗೆ ಮಾರಿಸಿ, ಒಂದರಿಂದ ಮನೆಗೆ ಆಹಾರವನ್ನೂ ಇನ್ನೊಂದರಿಂದ ಕೊಡಲಿಯನ್ನೂ ಕೊಳ್ಳಿಸಿದರು. ಕೊಡಲಿಗೆ ತಮ್ಮ ಕೈಯಾರೆ ಕಾವು ಹಾಕಿಕೊಟ್ಟು ಕಟ್ಟಿಗೆ ಕಡಿಯಲು ಕಳಿಸಿದರು. ದುಡಿಯಲಿ ಎನ್ನುವವರು ಕೊಡಲಿಗೆ ಕಾವು ಹಾಕಿಕೊಡಲು ಸಿದ್ಧರಿದ್ದಾರೆಯೇ?

ನೆಲೆ ತಪ್ಪುವುದು ಬೇರೆಯವರಿಗೆ ಮಾತ್ರ ಬರುವ ಕಷ್ಟವೆಂದು ಭಾವಿಸಬೇಡಿ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಮನೆಯಿಲ್ಲದವರು 17 ಲಕ್ಷಕ್ಕೂ ಹೆಚ್ಚು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಜನ ದುಡಿಯಲೆಂದು ಗೋವಾಕ್ಕೆ ಹೋಗಿದ್ದಾರೆ. ಅಲ್ಲಿ ಅವರನ್ನು 'ಘಾಟಿ' ಎಂದು ಹೀಯಾಳಿಸುತ್ತಾರೆ. 2017ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ಎಷ್ಟೋ ಕುಟುಂಬಗಳು ಬಯಲಿಗೆ ಬಿದ್ದವು. ಘಾಟಿ ಎಂಬ ಮಾತು ನಮ್ಮವರ ಎದೆಗೆ ಚುಚ್ಚುವುದಾದರೆ, ನಮ್ಮೂರಿನ ಕಟ್ಟೆಯ ಮೇಲಿರುವವನಿಗೆ ತಿರುಬೋಕಿ ಎಂಬುದು ಚುಚ್ಚುವುದಿಲ್ಲವೇ?

ಆದ್ದರಿಂದ ಸಹೋದರ ಸಹೋದರಿಯರೇ, ಈ ಪದಗಳನ್ನು ಮೊದಲು ನಮ್ಮ ಮನೆಯಿಂದ ಹೊರಹಾಕೋಣ. ಬಾಗಿಲಿಗೆ ಬಂದವರನ್ನು ಅಜ್ಜಾ, ಅವ್ವಾ, ಕಾಕಾ ಎಂದು ಕರೆಯಲು ಮಕ್ಕಳಿಗೆ ಕಲಿಸೋಣ. ಅವರ ಹೆಸರು ಕೇಳೋಣ. ಕೊಡಲು ಏನೂ ಇಲ್ಲದಿದ್ದರೆ ಮೃದುವಾಗಿ ಹೇಳಿ ಕಳಿಸೋಣ. ಕೇಳುವವನನ್ನು ಗದರಿಸಬಾರದೆಂಬುದು ಸೂರಃ ಅದ್ದುಹಾದ ಆಜ್ಞೆ. ಊರಿನಲ್ಲಿ ನೆಲೆಯಿಲ್ಲದವರು ಯಾರಿದ್ದಾರೆ, ಅವರಿಗೆ ಔಷಧ ಬೇಕೇ, ಹೊದಿಕೆ ಬೇಕೇ, ಕೆಲಸ ಬೇಕೇ ಎಂದು ಜಮಾಅತ್‌ನವರು ವಿಚಾರಿಸಲಿ. ಯಾರೂ ಇಲ್ಲದವನ ಅಂತ್ಯಕ್ರಿಯೆಗೆ ಧಾವಿಸುವ ನಾವು ಅವನು ಬದುಕಿರುವಾಗಲೇ ಅವನ ವಾರಸುದಾರರಾಗೋಣ. ಅಲ್ಲಾಹನು ನಮ್ಮ ನಾಲಗೆಯನ್ನೂ ಹೃದಯವನ್ನೂ ಶುದ್ಧಗೊಳಿಸಲಿ, ಆಮೀನ್.