ಉತ್ತರ ಬಂದ ಮೇಲೂ ಬರೆಯಬೇಕಾದದ್ದು

ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ಎರಡನೇ ವರ್ಷದಲ್ಲಿ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಬರುತ್ತದೆ. ತರ್ಕ, ಸೆಟ್, ಇಂಡಕ್ಷನ್, ಎಣಿಕೆ, ರಿಲೇಶನ್, ಗ್ರಾಫ್ ಎಲ್ಲವನ್ನೂ ಐದು ಮಾಡ್ಯೂಲಿನೊಳಗೆ ಮುಗಿಸಬೇಕು. ಜಿಲ್ಲಾ ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ಪಾಠ ಮಾಡುತ್ತಾ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಇಲ್ಲಿ ಮಕ್ಕಳು ಎಡವುವುದು ಲೆಕ್ಕದಲ್ಲಲ್ಲ, ವಾಕ್ಯದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆದದ್ದೇ ಕೊನೆ. ಆಮೇಲೆ ‘ಯಾಕೆ ಹಾಗೆ, ಬರೆದು ತೋರಿಸು’ ಎಂದು ಯಾರೂ ಕೇಳಿರುವುದಿಲ್ಲ.

ಕೇಳಲು ಪುರುಸೊತ್ತೂ ಇರಲಿಲ್ಲ. ಸಿಇಟಿಯಲ್ಲಿ ಗಣಿತಕ್ಕೆ 80 ನಿಮಿಷ, 60 ಪ್ರಶ್ನೆ. ಒಂದೊಂದಕ್ಕೆ ಸಿಗುವುದು 80 ಸೆಕೆಂಡ್. ಅಷ್ಟರಲ್ಲಿ ಮೂರು ಆಯ್ಕೆಗಳನ್ನು ತಳ್ಳಿಹಾಕಿ ನಾಲ್ಕನೆಯದನ್ನು ಗುರುತು ಮಾಡುವ ಚಾಕಚಕ್ಯತೆ ನಮ್ಮ ಮಕ್ಕಳಿಗೆ ಚೆನ್ನಾಗಿ ಕೈಗೂಡಿರುತ್ತದೆ. ಅದೂ ಒಂದು ಕಲೆಯೇ. ಆದರೆ ಅದೇ ಅಭ್ಯಾಸದಲ್ಲಿ ಬಂದವರಿಗೆ ‘ಎರಡು ಬೆಸ ಸಂಖ್ಯೆಗಳ ಮೊತ್ತ ಸಮಸಂಖ್ಯೆ ಎಂದು ಸಾಧಿಸಿ’ ಎಂದರೆ, 3+5=8, 7+9=16, ಆದ್ದರಿಂದ ನಿಜ ಎಂದು ಬರೆದು ಪೆನ್ನು ಕೆಳಗಿಡುತ್ತಾರೆ.

ಸ್ವಲ್ಪ ಮುಂದಿರುವವರು ಬೆಸಸಂಖ್ಯೆಯನ್ನು 2ಕ+1 ಎಂದು ಬರೆಯಬೇಕೆಂದು ಬಲ್ಲರು. ಆದರೆ ಎರಡು ಸಂಖ್ಯೆಗಳನ್ನೂ 2ಕ+1 ಎಂದೇ ಬರೆಯುತ್ತಾರೆ. ಉತ್ತರ ಸಮಸಂಖ್ಯೆಯಾಗಿಯೇ ಬರುತ್ತದೆ, ಮುಖ ಅರಳುತ್ತದೆ. ನಿಜವಾಗಿ ಅವರು ಸಾಧಿಸಿದ್ದು 3+3, 5+5ರಂಥವು ಸಮ ಎಂಬುದನ್ನಷ್ಟೇ. 3+5ರ ವಿಷಯ ಹಾಗೆಯೇ ಉಳಿಯಿತು. ಒಂದನ್ನು 2ಕ+1, ಇನ್ನೊಂದನ್ನು 2ಮ+1 ಎಂದು ಬರೆದಾಗಲೇ ಮೊತ್ತ 2(ಕ+ಮ+1) ಆಗಿ, ಮಾತು ಎಲ್ಲ ಬೆಸಸಂಖ್ಯೆಗಳಿಗೂ ಸಲ್ಲುತ್ತದೆ. ಲ್ಯಾಬಿನಲ್ಲಿ ಎರಡು ಬೇರೆ ಮೌಲ್ಯಗಳನ್ನು ಒಂದೇ ವೇರಿಯಬಲ್‌ನಲ್ಲಿಟ್ಟು ಪ್ರೋಗ್ರಾಂ ಯಾಕೆ ಕೆಟ್ಟಿತೆಂದು ಹುಡುಕುತ್ತಾ ಕೂರುವವರೂ ಇವರೇ. ಎರಡೂ ಒಂದೇ ಕಾಯಿಲೆ ಎಂದು ತೋರಿಸಿಕೊಟ್ಟರೆ ಮತ್ತೆ ಹಾಗೆ ಬರೆಯುವವರು ಕಡಿಮೆ.

ಕನ್ನಡದಲ್ಲಿ ಮಾತಾಡಿಸಿದರೆ ತರ್ಕ ಬೇಗ ಬಿಡಿಸಿಕೊಳ್ಳುತ್ತದೆ ಎಂಬುದು ನಾನು ಕಂಡ ಇನ್ನೊಂದು ಸತ್ಯ. ‘ಪ್ರತಿ ವಿದ್ಯಾರ್ಥಿಗೂ ಒಬ್ಬರು ಮೆಂಟರ್ ಇದ್ದಾರೆ’, ‘ಒಬ್ಬರೇ ಮೆಂಟರ್ ಇದ್ದಾರೆ, ಎಲ್ಲ ವಿದ್ಯಾರ್ಥಿಗಳಿಗೂ ಅವರೇ’ ಎಂಬ ಎರಡು ವಾಕ್ಯಗಳನ್ನು ಚಿಹ್ನೆಗಳಲ್ಲಿ ಬರೆದರೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. “ಎರಡೂ ಒಂದೇ ಅಲ್ವಾ ಸರ್?” ಎಂದು ಕೇಳಿದವನಿಗೆ, “ನಿನ್ನ ಮೆಂಟರ್ ಯಾರಪ್ಪಾ?” ಎಂದೆ. “ಫಿಸಿಕ್ಸ್ ಮೇಡಂ.” “ನಿನ್ನ ಪಕ್ಕದವನಿಗೆ?” “ನೀವೇ ಸರ್.” ಒಂದು ಗಳಿಗೆ ಸುಮ್ಮನಿದ್ದು ಹೇಳಿದ: “ಹಾಗಾದ್ರೆ ಮೊದಲನೇದು ನಿಜ, ಎರಡನೇದು ಸುಳ್ಳು.” ಉತ್ತರಪತ್ರಿಕೆಯನ್ನು ಇಂಗ್ಲಿಷಿನಲ್ಲೇ ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ಬರೆಯುವ ಮೊದಲು ಕಾರಣವನ್ನು ತನ್ನ ಮಾತಿನಲ್ಲಿ ಪಕ್ಕದವರಿಗೆ ಹೇಳಿ ಒಪ್ಪಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ ಮಕ್ಕಳು ಹೀಗೆ ಹೇಳಲು ಶುರುಮಾಡಿದ ಮೇಲೆ ಹಿಂದಿನ ಬೆಂಚು ಬಿಟ್ಟು ಮುಂದೆ ಬಂದದ್ದನ್ನು ನೋಡಿದ್ದೇನೆ.

ಇಂಡಕ್ಷನ್ ಪಾಠಕ್ಕೆ ನಾನು ರಟ್ಟು, ಕತ್ತರಿ ತೆಗೆದುಕೊಂಡು ಹೋಗುತ್ತೇನೆ. ಪುಸ್ತಕಗಳು ಸಾಮಾನ್ಯವಾಗಿ 1ರಿಂದ ಎನ್‌ವರೆಗಿನ ಮೊತ್ತದಿಂದ ಶುರುಮಾಡುತ್ತವೆ. ಅಲ್ಲಿ ಬೀಜಗಣಿತದ ಓಡಾಟದಲ್ಲಿ ವಿಚಾರ ಮರೆಯಾಗಿ, ಕೊನೆಗೆ ‘ಹೆನ್ಸ್ ಪ್ರೂವ್ಡ್’ ಒಂದೇ ಉಳಿಯುತ್ತದೆ. ಬದಲಿಗೆ ನಾನು ಒಡ್ಡುವುದು ಸಾಲಮನ್ ಗೊಲೊಂಬ್ 1954ರಲ್ಲಿ ಪ್ರಕಟಿಸಿದ ಸಮಸ್ಯೆ. ಚದುರಂಗದ ಹಾಸಿನಂತೆ 8 ಸಾಲು, 8 ಕಂಬಸಾಲಿನ ಒಂದು ಹಾಸು. ಎಲ್ಲಾದರೂ ಒಂದು ಮನೆಯನ್ನು ಬಿಟ್ಟುಬಿಡಿ. ಉಳಿದ 63 ಮನೆಗಳನ್ನು ಮೂಲೆ ಮುರಿದ ಆಕಾರದ, ಮೂರು ಮನೆಯ 21 ತುಂಡುಗಳಿಂದ ಮುಚ್ಚಬಹುದೇ?

ಮೊದಲು ಎಲ್ಲರೂ ಅಂಚಿನಿಂದ ಜೋಡಿಸಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆಗ ‘2ಕ್ಕೆ 2ರ ಹಾಸಿನಲ್ಲಿ ಮಾಡಿ’ ಎನ್ನುತ್ತೇನೆ. ಒಂದು ಮನೆ ಬಿಟ್ಟರೆ ಉಳಿಯುವುದೇ ಒಂದು ತುಂಡು, ಅದು ಆಯಿತು. ಈಗ 4ಕ್ಕೆ 4. ಹಾಸನ್ನು ನಾಲ್ಕು ಪಾಲು ಮಾಡಿ. ಬಿಟ್ಟ ಮನೆ ಒಂದು ಪಾಲಿನಲ್ಲಿದೆ, ಉಳಿದ ಮೂರು ಪಾಲು ಪೂರ್ತಿ ಇವೆ. ನಟ್ಟನಡುವೆ ಒಂದು ತುಂಡಿಡಿ, ಆ ಮೂರು ಪಾಲುಗಳಲ್ಲಿ ಒಂದೊಂದು ಮನೆ ಮುಚ್ಚುವಂತೆ. ಈಗ ನಾಲ್ಕೂ ಪಾಲುಗಳು ಒಂದೊಂದು ಮನೆ ಬಿಟ್ಟ 2ಕ್ಕೆ 2ರ ಹಾಸುಗಳೇ. ಅದು ಆಗಲೇ ಗೊತ್ತು. ಕ್ಲಾಸಿನಲ್ಲಿ ಯಾರಾದರೊಬ್ಬರು ಇಲ್ಲಿ ಎದ್ದೇಳುತ್ತಾರೆ: “ಸರ್, 8ಕ್ಕೂ ಇದೇ, 16ಕ್ಕೂ ಇದೇ!” ಇಂಡಕ್ಷನ್ ಹೈಪಾಥಿಸಿಸ್ ಎಂದರೇನೆಂದು ಬೇರೆ ಹೇಳಬೇಕಾಗಿಯೇ ಇಲ್ಲ. ಅದೇ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಇದನ್ನೇ ರಿಕರ್ಸಿವ್ ಫಂಕ್ಷನ್ ಆಗಿ ಬರೆಸಿದರೆ, ಸಾಧನೆಯ ಒಂದೊಂದು ವಾಕ್ಯವೂ ಕೋಡಿನ ಒಂದೊಂದು ಸಾಲಾಗಿ ಕೂರುತ್ತದೆ.

ಸಾಧಿಸಿದ ಮೇಲೆ ಎಲ್ಲ ಮುಗಿಯಿತೆಂದಲ್ಲ. ಇದಕ್ಕೆ ಬೈನರಿ ಸರ್ಚ್ ಕಥೆ ಹೇಳುತ್ತೇನೆ. ಜಾನ್ ಬೆಂಟ್ಲಿ 1986ರ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಅದನ್ನು ಹೆಜ್ಜೆಹೆಜ್ಜೆಯಾಗಿ ಸರಿಯೆಂದು ಸಾಧಿಸಿದ್ದರು. 2006ರಲ್ಲಿ ಜೋಶುವಾ ಬ್ಲಾಕ್, ಅದೇ ಬಗೆಯಲ್ಲಿ ತಾವು ಜಾವಾ ಲೈಬ್ರರಿಗೆ ಬರೆದಿದ್ದ ಕೋಡಿನಲ್ಲಿ ದೋಷ ಸಿಕ್ಕಿದೆಯೆಂದು ಪ್ರಕಟಿಸಿದರು. ಮಧ್ಯದ ಸ್ಥಾನಕ್ಕಾಗಿ ಕೆಳಗಿನದನ್ನೂ ಮೇಲಿನದನ್ನೂ ಕೂಡಿಸಿ ಎರಡರಿಂದ ಭಾಗಿಸುವಾಗ, ಆ ಮೊತ್ತ 2147483647 ದಾಟಿದರೆ ಮೆಷಿನ್ನಿನಲ್ಲಿ ಅದು ಋಣ ಸಂಖ್ಯೆಯಾಗಿಬಿಡುತ್ತಿತ್ತು. ತರ್ಕ ತಪ್ಪಿರಲಿಲ್ಲ. ಪೂರ್ಣಾಂಕಗಳಿಗೆ ಮಿತಿಯಿಲ್ಲ ಎಂದು ಬರೆಯದೇ ನಂಬಿಕೊಂಡದ್ದರಲ್ಲಿತ್ತು ತಪ್ಪು. ‘ಏನನ್ನು ಒಪ್ಪಿಕೊಂಡು ಹೊರಟಿದ್ದೀರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ’ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಎಣಿಕೆಯ ಅಧ್ಯಾಯದಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಒಂದು ಬಂಡವಾಳ ಆಗಲೇ ಇದೆ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರು ಅವರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ಬರೆದು ನೋಡಿದರೆ ನಾಲ್ಕೂ ಲಘುವಾದದ್ದು ಒಂದು, ಒಂದು ಗುರು ಎರಡು ಲಘು ಇರುವವು ಮೂರು, ಎರಡು ಗುರುವಿನದು ಒಂದು, ಒಟ್ಟು ಐದು. ಮೂರು ಮಾತ್ರೆಗೆ ಮೂರು ಬಗೆ. ಐದು ಮಾತ್ರೆಗೆ? ಒಬ್ಬ ಹುಡುಗಿ ಬರೆಯದೇ ಎಂಟು ಎಂದಳು. ಯಾಕೆಂದು ಕೇಳಿದೆ. “ಕೊನೇದು ಲಘು ಆದ್ರೆ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತೆ, ಐದು ಬಗೆ. ಗುರು ಆದ್ರೆ ಮೂರು ಮಾತ್ರೆ, ಮೂರು ಬಗೆ. ಕೊನೇದು ಎರಡರಲ್ಲಿ ಒಂದಾಗಿರಲೇಬೇಕು, ಎರಡೂ ಆಗೋಕಾಗಲ್ಲ ಸರ್.” ಆ ಕೊನೆಯ ವಾಕ್ಯಕ್ಕೇ ನಾನು ಪೂರ್ತಿ ಅಂಕ ಕೊಡುವುದು. ಯಾವುದೂ ಬಿಟ್ಟುಹೋಗಿಲ್ಲ, ಯಾವುದನ್ನೂ ಎರಡು ಸಲ ಎಣಿಸಿಲ್ಲ ಎಂಬ ಎರಡೂ ಭರವಸೆ ಅದರಲ್ಲಿದೆ. ರಿಕರೆನ್ಸ್ ರಿಲೇಶನ್ ಪಾಠ ಅಲ್ಲಿಗೆ ಅರ್ಧ ಮುಗಿಯಿತು. ಈ 3, 5, 8, 13ರ ಸಾಲನ್ನು ಛಂದಸ್ಸಿನ ಸಲುವಾಗಿ ವಿರಹಾಂಕ, 12ನೇ ಶತಮಾನದ ಹೇಮಚಂದ್ರ ಮೊದಲಾದವರು ಕಂಡುಕೊಂಡಿದ್ದರು. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಹೆಮ್ಮೆಗಾಗಿ ಇದನ್ನು ಹೇಳುವುದಲ್ಲ, ಮಕ್ಕಳು ತಮಗೆ ಗೊತ್ತಿರುವ ಕೆಲಸದಿಂದಲೇ ಹೊರಡಲಿ ಎಂದು.

ಗ್ರಾಫ್ ಭಾಗ ತಾನಾಗಿಯೇ ಓಡುತ್ತದೆ. ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಚಿತ್ರ ಬರೆದರೆ ಸಾಕು. ಕಷ್ಟವಿರುವುದು ತಿದ್ದುವುದರಲ್ಲಿ. ಅರುವತ್ತು ಮಕ್ಕಳ ಕ್ಲಾಸಿನಲ್ಲಿ ವಾರವಾರವೂ ಎಲ್ಲರ ಸಾಧನೆಗಳನ್ನು ಓದಲು ಒಬ್ಬರಿಂದ ಆಗದು. ಅದಕ್ಕೆ ಅರ್ಧ ಪುಟ ಬರೆಸಿ ಅದಲುಬದಲು ಮಾಡಿಸುತ್ತೇನೆ. ಓದಿದವರಿಗೆ ಎಲ್ಲಿ ಒಪ್ಪಿಗೆಯಾಗಲಿಲ್ಲವೋ ಅಲ್ಲಿ ಪಕ್ಕದಲ್ಲಿ ‘ಏಕೆ?’ ಎಂದು ಬರೆಯಬೇಕು. ಗೆಳೆಯನ ‘ಏಕೆ?’ಗೆ ಉತ್ತರ ಹುಡುಕುವಾಗ ಬರುವ ಸ್ಪಷ್ಟತೆ ಮೇಷ್ಟರ ಕೆಂಪು ಶಾಯಿಯಿಂದ ಬಂದದ್ದನ್ನು ನಾನು ಕಂಡಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ಬಿನ್ನಹ: ಮಾಡ್ಯೂಲಿಗೊಂದಾದರೂ, ನೋಟ್ಸಿನಲ್ಲಿಲ್ಲದ, ಎರಡು ಸಾಲಿನ ಕಾರಣ ಕೇಳುವ ಪ್ರಶ್ನೆ ಇರಲಿ, ಅಂಕ ಕಾರಣಕ್ಕೇ ಇರಲಿ.

ಈ ವರ್ಷ ಈ ವಿಷಯ ತೆಗೆದುಕೊಳ್ಳುವ ಮಕ್ಕಳೇ, ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ ಪರೀಕ್ಷೆಯ ಹೊತ್ತಿಗೆ ಹೇಗೂ ಸಿಗುತ್ತದೆ. ಮೊದಲ ವಾರವೇ ಒಂದು ಸಾಧನೆಯನ್ನು ನಿಮ್ಮದೇ ಮಾತಿನಲ್ಲಿ ಬರೆದು ಯಾರಿಗಾದರೂ ಓದಲು ಕೊಡಿ. ‘ಅರ್ಥವಾಯಿತು’ ಎಂದವರನ್ನು ಬಿಟ್ಟು, ‘ಇದು ಯಾಕೆ?’ ಎಂದು ಕೇಳಿದವರ ಹತ್ತಿರ ಮತ್ತೆ ಹೋಗಿ.