ಕಛೇರಿಯೋ ಮನೆಯೋ? ಕಿರಿಯ ವಕೀಲರ ವಿವಾದ ಮತ್ತು ಉದ್ಯಮಿಯ ಲೆಕ್ಕ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸೋಂಕಿನ ಕಾರಣದಿಂದ ಕಛೇರಿಗಳ ಬಾಗಿಲು ಮುಚ್ಚಿದಾಗ, ಮನೆಯಿಂದ ಕೆಲಸ ಮಾಡುವ ಪದ್ಧತಿಯು ಅನಿವಾರ್ಯ ವ್ಯವಸ್ಥೆಯಾಗಿ ಬಂದಿತು. ಸೋಂಕು ಇಳಿದ ಮೇಲೆ ಅದು ನೌಕರರ ಬೇಡಿಕೆಯಾಗಿ ಉಳಿಯಿತು. ಇಂದು ಕೆಲಸ ಕೇಳಿಕೊಂಡು ಬರುವ ವಾಣಿಜ್ಯ ಪದವೀಧರರಲ್ಲಿ ಹಲವರು ಸಂಬಳದ ಜೊತೆಗೆ, ವಾರದಲ್ಲಿ ಎಷ್ಟು ದಿನ ಕಛೇರಿಗೆ ಬರಬೇಕೆಂಬುದನ್ನೂ ವಿಚಾರಿಸುತ್ತಾರೆ. ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ಲೆಕ್ಕಪತ್ರ ವಿಭಾಗದಿಂದಲೋ ವಿನ್ಯಾಸ ವಿಭಾಗದಿಂದಲೋ ಇಂತಹ ಕೋರಿಕೆಯನ್ನು ಈಗಾಗಲೇ ಎದುರಿಸಿರಬಹುದು.

ಈ ಪ್ರಶ್ನೆಯು ತೀವ್ರವಾಗಿ ಚರ್ಚೆಗೊಳಗಾಗಿರುವ ಕ್ಷೇತ್ರಗಳಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ದೊಡ್ಡ ವಕೀಲಿ ಸಂಸ್ಥೆಗಳೂ ಸೇರಿವೆ. ಅಲ್ಲಿನ ವಕೀಲರ ವಿವಾದದಿಂದ ನಮ್ಮ ವ್ಯಾಪಾರಿಗಳಿಗೆ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ವಕೀಲಿ ಸಂಸ್ಥೆಗೆ ಯಂತ್ರವಿಲ್ಲ, ದಾಸ್ತಾನಿಲ್ಲ. ಅದು ಮಾರುವುದು ಕೌಶಲ್ಯ ಮತ್ತು ಸಮಯವನ್ನು ಮಾತ್ರ. ಆದ್ದರಿಂದ ನಮ್ಮ ಉದ್ಯಮಗಳಲ್ಲಿ ಬೇರೆ ಖರ್ಚುಗಳ ನಡುವೆ ಮರೆಯಾಗುವ ಒಂದು ಸಂಗತಿ ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕೆಲಸ ಕಲಿಸುವುದಕ್ಕೆ ತಗಲುವ ವೆಚ್ಚವೇ ಆ ಸಂಗತಿ. ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿವಾದದ ಸ್ವರೂಪ

ಲಂಡನ್ನಿನ ಸ್ಟೀಫೆನ್ಸನ್ ಹಾರ್ವುಡ್ ಎಂಬ ವಕೀಲಿ ಸಂಸ್ಥೆಯು 2022ರ ಮೇ ತಿಂಗಳಲ್ಲಿ ತನ್ನ ಸಿಬ್ಬಂದಿಯ ಮುಂದೆ ಒಂದು ಆಯ್ಕೆಯನ್ನು ಇಟ್ಟಿತು. ಪೂರ್ಣವಾಗಿ ಮನೆಯಿಂದಲೇ ಕೆಲಸ ಮಾಡಬಯಸುವವರು ಸಂಬಳದಲ್ಲಿ ಶೇ. 20ರಷ್ಟು ಕಡಿತವನ್ನು ಒಪ್ಪಿಕೊಳ್ಳಬೇಕೆಂಬುದೇ ಆ ಆಯ್ಕೆ. ಮರುವರ್ಷ, ಅಂದರೆ 2023ರಲ್ಲಿ, ನ್ಯೂಯಾರ್ಕಿನ ಡೇವಿಸ್ ಪೋಲ್ಕ್ ಸಂಸ್ಥೆಯು ವಾರಕ್ಕೆ ಮೂರು ದಿನ ಕಛೇರಿಗೆ ಬಾರದ ಕಿರಿಯ ವಕೀಲರ ಬೋನಸ್ ಕಡಿಮೆಯಾಗಬಹುದೆಂದು ಎಚ್ಚರಿಸಿತು. ಮೊದಲನೆಯದು ಮನೆಯಲ್ಲಿ ಉಳಿಯುವುದಕ್ಕೆ ಬೆಲೆ ಕಟ್ಟಿತು. ಎರಡನೆಯದು ಕಛೇರಿಗೆ ಬಾರದಿರುವುದಕ್ಕೆ ದಂಡ ಸೂಚಿಸಿತು.

ಕಿರಿಯ ವಕೀಲರ ವಾದದಲ್ಲಿಯೂ ಹುರುಳಿದೆ. ದುಬಾರಿ ನಗರದಲ್ಲಿ ವಾಸ, ನಿತ್ಯದ ಪ್ರಯಾಣ, ರಾತ್ರಿಯವರೆಗೂ ಚಾಚುವ ಕೆಲಸ ಇವುಗಳ ನಡುವೆ ಎರಡು ದಿನ ಮನೆಯಲ್ಲಿದ್ದರೆ ಅಷ್ಟರಮಟ್ಟಿಗೆ ಆಯಾಸ ಕಡಿಮೆ. ಕರಾರುಪತ್ರದ ಕರಡನ್ನು ತಯಾರಿಸುವುದಕ್ಕೆ ಮೇಜು, ಗಣಕಯಂತ್ರ ಮತ್ತು ಏಕಾಂತ ಸಾಕು. ಹಿರಿಯರ ವಾದವೂ ಸುಳ್ಳಲ್ಲ. ಕಕ್ಷಿದಾರನ ದೂರವಾಣಿ ಕರೆಗೆ ಹಿರಿಯ ವಕೀಲ ಹೇಗೆ ಉತ್ತರಿಸುತ್ತಾನೆ, ಎದುರು ಪಕ್ಷದ ಮಾತಿಗೆ ಎಲ್ಲಿ ಮೌನವಾಗಿರುತ್ತಾನೆ ಎಂಬುದನ್ನು ಪಕ್ಕದಲ್ಲಿ ಕುಳಿತೇ ಕಲಿಯಬೇಕು. ನೋಡಿ ಕಲಿ, ಮಾಡಿ ತಿಳಿ ಎಂಬ ನಮ್ಮ ಗಾದೆಯ ಅರ್ಥವೂ ಇದೇ. ಅಂಗಡಿಯ ಗಾದಿಯ ಮೇಲೆ ತಂದೆಯ ಪಕ್ಕದಲ್ಲಿ ಕುಳಿತು ವ್ಯಾಪಾರ ಕಲಿತ ನಮ್ಮ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆರು ನಿಮಿಷದ ಲೆಕ್ಕ

ಈ ವಕೀಲಿ ಸಂಸ್ಥೆಗಳು ತಮ್ಮ ಸಮಯವನ್ನು ಸಾಮಾನ್ಯವಾಗಿ ಆರು ನಿಮಿಷಗಳ ಘಟಕಗಳಲ್ಲಿ ಬರೆದಿಡುತ್ತವೆ. ಒಂದು ಗಂಟೆಗೆ ಹತ್ತು ಘಟಕಗಳು. ಪ್ರತಿಯೊಂದು ಘಟಕವನ್ನೂ ಯಾವುದಾದರೊಂದು ಕಕ್ಷಿದಾರನ ಖಾತೆಗೆ ಬರೆಯಲಾಗುತ್ತದೆ. ಲೆಕ್ಕಪರಿಶೋಧಕನ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಪದ್ಧತಿ. ಆದರೆ ಹಿರಿಯ ವಕೀಲನೊಬ್ಬ ಕಿರಿಯನ ಕರಡನ್ನು ತಿದ್ದಿ, ಏಕೆ ತಿದ್ದಿದೆನೆಂದು ಅರ್ಧ ಗಂಟೆ ವಿವರಿಸಿದರೆ, ಆ ವಿವರಣೆಯ ಐದು ಘಟಕಗಳನ್ನು ಯಾರ ಬಿಲ್ಲಿಗೆ ಸೇರಿಸಬೇಕು? ಕಕ್ಷಿದಾರನು ಅದಕ್ಕೆ ಹಣ ಕೊಡಲು ಒಪ್ಪುವುದಿಲ್ಲ. ಹೀಗಾಗಿ ಕಲಿಸುವ ಸಮಯವು ಆದಾಯದ ಪಟ್ಟಿಯಲ್ಲಿ ಸೊನ್ನೆಯಾಗಿ ಉಳಿಯುತ್ತದೆ.

ಇನ್ನೊಂದು ಕಡೆ ಕಿರಿಯನ ವೆಚ್ಚ ಏರುತ್ತಲೇ ಇದೆ. 2024ರಲ್ಲಿ ಲಂಡನ್ನಿನ ಅಗ್ರಶ್ರೇಣಿಯ ಸಂಸ್ಥೆಗಳಲ್ಲಿ ಹೊಸದಾಗಿ ಅರ್ಹತೆ ಪಡೆದ ವಕೀಲರ ವಾರ್ಷಿಕ ಸಂಬಳ 1,50,000 ಪೌಂಡುಗಳನ್ನು ಮುಟ್ಟಿತು. ಇಷ್ಟು ಸಂಬಳ ಕೊಡುವ ಸಂಸ್ಥೆಯು ನೌಕರನು ಕಣ್ಣೆದುರಿಗೆ ಇರಬೇಕೆಂದು ಬಯಸುವುದು ಸಹಜ. ಆದರೆ ಕಣ್ಣೆದುರಿಗೆ ಇರುವುದೇ ಬೇರೆ, ಕಲಿಯುವುದೇ ಬೇರೆ.

ಅಧ್ಯಯನಗಳು ತೋರಿಸುವುದೇನು?

ಈ ವಿಷಯದಲ್ಲಿ ಎರಡು ಅಧ್ಯಯನಗಳು ಗಮನಾರ್ಹವಾಗಿವೆ. ಚೀನಾದ ಪ್ರವಾಸ ಸೇವಾ ಸಂಸ್ಥೆಯಾದ ಟ್ರಿಪ್ ಡಾಟ್ ಕಾಮ್‌ನ 1,612 ನೌಕರರ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಸಹ ಸಂಶೋಧಕರು ನಡೆಸಿದ ಪ್ರಯೋಗದ ಫಲಿತಾಂಶವು 2024ರಲ್ಲಿ "ನೇಚರ್" ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಲು ಅವಕಾಶ ಪಡೆದ ಗುಂಪಿನಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ಹಿನ್ನಡೆ ಕಂಡುಬರಲಿಲ್ಲ. ತರಬೇತಿ ಪಡೆದ ನೌಕರನನ್ನು ಕಳೆದುಕೊಂಡು ಹೊಸಬನನ್ನು ಹುಡುಕಿದ ಅನುಭವವುಳ್ಳ ಯಾವ ಉದ್ಯಮಿಗೂ ಇದು ಸಣ್ಣ ಲಾಭವಲ್ಲ.

ಎರಡನೆಯದು ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲೈಸ್ ಎಂಬ ಅರ್ಥಶಾಸ್ತ್ರಜ್ಞೆಯರು ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಇಂಜಿನಿಯರುಗಳ ಕುರಿತು ನಡೆಸಿ, 2023ರಲ್ಲಿ ಹೊರತಂದ ಅಧ್ಯಯನ. ಕೆಲವು ತಂಡಗಳ ಸದಸ್ಯರೆಲ್ಲರೂ ಒಂದೇ ಕಟ್ಟಡದಲ್ಲಿದ್ದರು. ಇನ್ನು ಕೆಲವು ತಂಡಗಳು ಎರಡು ಕಟ್ಟಡಗಳಲ್ಲಿ ಹಂಚಿಹೋಗಿದ್ದವು. ಒಂದೇ ಕಟ್ಟಡದಲ್ಲಿದ್ದವರಿಗೆ ತಮ್ಮ ಕೆಲಸದ ಬಗ್ಗೆ ಸಹೋದ್ಯೋಗಿಗಳಿಂದ ಹೆಚ್ಚು ಸಲಹೆ ಮತ್ತು ತಿದ್ದುಪಡಿ ದೊರೆಯುತ್ತಿತ್ತು. ಇದರ ಪ್ರಯೋಜನ ವಿಶೇಷವಾಗಿ ಕಿರಿಯರಿಗೆ ಆಯಿತು. ಆದರೆ ಸಲಹೆ ಕೊಡುತ್ತಿದ್ದ ಹಿರಿಯರ ಸ್ವಂತ ಕೆಲಸದ ಪ್ರಮಾಣ ಕಡಿಮೆಯಾಯಿತು.

ಮೇಲುನೋಟಕ್ಕೆ ಈ ಎರಡು ಅಧ್ಯಯನಗಳು ಪರಸ್ಪರ ವಿರುದ್ಧವೆಂದು ತೋರಬಹುದು. ವಾಸ್ತವವಾಗಿ ಅವು ಒಂದೇ ಲೆಕ್ಕದ ಎರಡು ಬದಿಗಳು. ಕೆಲಸ ಬಲ್ಲವನಿಗೆ ಎರಡು ದಿನದ ಸಡಿಲಿಕೆಯಿಂದ ನಷ್ಟವಿಲ್ಲ. ಕಲಿಯುತ್ತಿರುವವನಿಗೆ ಹಿರಿಯರ ಸಾಮೀಪ್ಯ ಬೇಕು. ಆದರೆ ಅದರ ಬೆಲೆಯನ್ನು ಇಂದು ತೆರುವವನು ಹಿರಿಯ, ನಾಳೆ ಅದರ ಫಲವನ್ನು ಪಡೆಯುವುದು ಸಂಸ್ಥೆ. ಈ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೇವಲ ಹಾಜರಿಯನ್ನು ಎಣಿಸುವುದು ಸರಿಯಾದ ಲೆಕ್ಕವಲ್ಲ.

ಕಾನೂನಿನ ಸ್ಥಿತಿ

ಬ್ರಿಟನ್ನಿನಲ್ಲಿ ನೌಕರನಿಗೆ ಮನೆಯಿಂದ ಕೆಲಸ ಮಾಡುವ ಹಕ್ಕು ಇಲ್ಲ. ಅನುಕೂಲಕರ ವ್ಯವಸ್ಥೆಯನ್ನು ಕೋರುವ ಹಕ್ಕು ಮಾತ್ರ ಇದೆ. 2024ರ ಏಪ್ರಿಲ್ 6ರಿಂದ ಈ ಹಕ್ಕು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ದೊರೆಯುವಂತಾಯಿತು. ನೌಕರನು 12 ತಿಂಗಳಲ್ಲಿ ಎರಡು ಬಾರಿ ಕೋರಿಕೆ ಸಲ್ಲಿಸಬಹುದು. ಮಾಲೀಕನು ಎರಡು ತಿಂಗಳೊಳಗೆ ತೀರ್ಮಾನಿಸಬೇಕು; ನಿರಾಕರಿಸುವ ಮುನ್ನ ನೌಕರನೊಡನೆ ಸಮಾಲೋಚಿಸಬೇಕು; ನಿರಾಕರಣೆಗೆ ಕಾನೂನಿನಲ್ಲಿ ಹೇಳಿರುವ ಎಂಟು ಕಾರಣಗಳಲ್ಲಿ ಒಂದಾದರೂ ಇರಬೇಕು. ಹೆಚ್ಚುವರಿ ವೆಚ್ಚ, ಗ್ರಾಹಕರ ಬೇಡಿಕೆ ಪೂರೈಸಲು ಅಡ್ಡಿ, ಗುಣಮಟ್ಟಕ್ಕೆ ಧಕ್ಕೆ ಮುಂತಾದವು ಆ ಕಾರಣಗಳು.

ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರದ ಹಿರಿಯ ಅಧಿಕಾರಿಯೊಬ್ಬರ ಪ್ರಕರಣ ಇಲ್ಲಿ ಉಲ್ಲೇಖಾರ್ಹ. ಪೂರ್ಣವಾಗಿ ಮನೆಯಿಂದಲೇ ಕೆಲಸ ಮಾಡಲು ಅವರು ಸಲ್ಲಿಸಿದ ಕೋರಿಕೆಯನ್ನು ಪ್ರಾಧಿಕಾರವು ನಿರಾಕರಿಸಿತ್ತು. ಅವರ ಕೆಲಸ ಉತ್ತಮವಾಗಿತ್ತೆಂಬುದರಲ್ಲಿ ವಿವಾದವಿರಲಿಲ್ಲ. ಆದರೂ ಹೊಸಬರಿಗೆ ತರಬೇತಿ, ತಂಡದ ಮೇಲ್ವಿಚಾರಣೆ ಮುಂತಾದವುಗಳಿಗೆ ಹಿರಿಯರ ಖುದ್ದು ಹಾಜರಿ ಬೇಕೆಂಬ ವಾದವನ್ನು ನ್ಯಾಯಮಂಡಳಿಯು ಒಪ್ಪಿತು. ಉತ್ತರ ಕೊಡಲು ತಡಮಾಡಿದ್ದಕ್ಕಾಗಿ ಮಾತ್ರ 643 ಪೌಂಡುಗಳ ಪರಿಹಾರ ಕೊಡುವಂತೆ ಆದೇಶಿಸಿತು. ಇಲ್ಲಿ ಕಛೇರಿಗೆ ಬರಬೇಕಾಗಿದ್ದವರು ಕಲಿಯುವ ಕಿರಿಯರಲ್ಲ, ಕಲಿಸಬೇಕಾದ ಹಿರಿಯರು ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಎಲ್ಲ ನೌಕರರಿಗೂ ಅನ್ವಯಿಸುವ ಇಂತಹ ಕೋರಿಕೆಯ ಹಕ್ಕು ಕಾನೂನಿನಲ್ಲಿಲ್ಲ. ಆದರೆ ಹೆರಿಗೆ ರಜೆಯ ನಂತರ, ಕೆಲಸದ ಸ್ವರೂಪ ಅನುಮತಿಸಿದಲ್ಲಿ, ಪರಸ್ಪರ ಒಪ್ಪಿಗೆಯ ಷರತ್ತುಗಳ ಮೇಲೆ ಮನೆಯಿಂದ ಕೆಲಸ ನೀಡಬಹುದೆಂಬ ಅಂಶವು ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಸೇರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಉಳಿದಂತೆ ಈ ವಿಷಯ ಬಹುಮಟ್ಟಿಗೆ ಮಾಲೀಕ ಮತ್ತು ನೌಕರರ ನಡುವಿನ ಒಪ್ಪಂದಕ್ಕೆ ಬಿಟ್ಟದ್ದು.

ಒಂದು ಸ್ವಂತ ಅನುಭವ

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬಯಸುವವರು ಎರಡು ವರ್ಷಗಳ ವೃತ್ತಿ ಅನುಭವ ಪಡೆಯಬೇಕು. ನಮ್ಮ ಲೆಕ್ಕಪರಿಶೋಧಕ ವೃತ್ತಿಯಲ್ಲಿಯೂ ಮೂರು ವರ್ಷಗಳಿದ್ದ ಆರ್ಟಿಕಲ್‌ಶಿಪ್ ತರಬೇತಿಯು 2023ರ ಜುಲೈ 1ರಂದು ಜಾರಿಗೆ ಬಂದ ಹೊಸ ಯೋಜನೆಯಲ್ಲಿ ಎರಡು ವರ್ಷಕ್ಕೆ ಇಳಿದಿದೆ. ಕಲಿಯುವ ಅವಧಿ ಕಿರಿದಾದಷ್ಟೂ ಅದರ ಪ್ರತಿ ದಿನದ ಬೆಲೆ ಹೆಚ್ಚು. ಇದನ್ನು ನಾನು ಅರಿತದ್ದು ನನ್ನದೇ ತಪ್ಪಿನಿಂದ.

2021ರಲ್ಲಿ ನನ್ನ ಕಛೇರಿಯ ಆರ್ಟಿಕಲ್ ವಿದ್ಯಾರ್ಥಿಯೊಬ್ಬ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ವರ್ಷಾಂತ್ಯದ ದಾಸ್ತಾನು ಪಟ್ಟಿಯನ್ನು ಮನೆಯಿಂದಲೇ ಪರಿಶೀಲಿಸಿದ. ಇ-ಮೇಲ್‌ನಲ್ಲಿ ಬಂದ ಪಟ್ಟಿಗೂ ಟ್ಯಾಲಿಯ ಲೆಕ್ಕಕ್ಕೂ ಒಂದು ರೂಪಾಯಿಯ ವ್ಯತ್ಯಾಸವಿರಲಿಲ್ಲ. ಕೆಲವು ವಾರಗಳ ನಂತರ ನಾನೇ ಗೋದಾಮಿಗೆ ಹೋದಾಗ, ತೇವ ಹಿಡಿದು ಕೆಟ್ಟುಹೋದ ವೆಲ್ಡಿಂಗ್ ರಾಡುಗಳ ಪೆಟ್ಟಿಗೆಗಳೂ ತುಕ್ಕು ತಿಂದ ಸರಕೂ ಒಂದು ಮೂಲೆಯಲ್ಲಿ ಬಿದ್ದಿದ್ದವು. ಅಸಲು ಬೆಲೆ ಅಥವಾ ಮಾರಾಟದಿಂದ ಬರಬಹುದಾದ ನಿವ್ವಳ ಬೆಲೆ, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂಬುದು ದಾಸ್ತಾನು ಮೌಲ್ಯಮಾಪನದ ಮೂಲ ನಿಯಮ. ಪಟ್ಟಿಯಲ್ಲಿ ಮಾತ್ರ ಅವೆಲ್ಲವೂ ಪೂರ್ಣ ಅಸಲು ಬೆಲೆಯಲ್ಲಿದ್ದವು. ಅದೇ ಪಟ್ಟಿಯ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಎತ್ತುವ ಮಿತಿ ನಿರ್ಧಾರವಾಗುತ್ತಿತ್ತು. ಲೆಕ್ಕ ಕೂಡಿತ್ತು, ಸರಕು ಕೂಡಿರಲಿಲ್ಲ.

ವಿದ್ಯಾರ್ಥಿಯನ್ನು ಕೇಳಿದಾಗ, "ಸರ್, ಗೋದಾಮಿನಲ್ಲಿ ಏನು ನೋಡಬೇಕೆಂದು ನನಗೆ ಯಾರೂ ತೋರಿಸಿರಲಿಲ್ಲ" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳಿನಿಂದ ಎಲ್ಲರೂ ಕಛೇರಿಗೆ ಬರಬೇಕೆಂದು ಸೂಚಿಸಿದೆ. ಅವರು ಬಂದರು. ಆದರೆ ನಾನು ಇಡೀ ದಿನ ನನ್ನ ಕೋಣೆಯ ಬಾಗಿಲು ಮುಚ್ಚಿ ವಿಡಿಯೋ ಸಭೆಗಳಲ್ಲಿ ಕುಳಿತಿರುತ್ತಿದ್ದೆ. ಎರಡು ತಿಂಗಳು ಕಳೆದರೂ ಅವರು ಹೊಸದಾಗಿ ಏನನ್ನೂ ಕಲಿತಿರಲಿಲ್ಲ. ಹಾಜರಿ ಪುಸ್ತಕ ತುಂಬಿತ್ತು, ಅಷ್ಟೆ. ಬಳಿಕ ಬೆಳಿಗ್ಗೆ 10ರಿಂದ 11ರವರೆಗೆ ಹಿಂದಿನ ದಿನದ ಕೆಲಸವನ್ನು ಅವರೊಡನೆ ಕುಳಿತು ನೋಡುವ ಕ್ರಮವನ್ನು ಇಟ್ಟುಕೊಂಡೆ. ಬದಲಾವಣೆ ಕಂಡದ್ದು ಆಗಲೇ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ವ್ಯಕ್ತಿಯನ್ನಲ್ಲ, ಕೆಲಸವನ್ನು ವಿಂಗಡಿಸಿರಿ. ವೋಚರ್ ದಾಖಲಾತಿ, ಜಿ.ಎಸ್.ಟಿ. ವಿವರಪತ್ರಗಳ ತಯಾರಿ, ನಕ್ಷೆ ರಚನೆ ಇವು ಮನೆಯಿಂದ ಆಗಬಹುದು. ದಾಸ್ತಾನು ಎಣಿಕೆ, ಸರಕಿನ ತಪಾಸಣೆ, ಗ್ರಾಹಕರೊಡನೆ ಚೌಕಾಸಿ ಇವು ಸ್ಥಳದಲ್ಲಿಯೇ ಆಗಬೇಕು.

2. ಮೊದಲ ವರ್ಷ ಸಾಮೀಪ್ಯ, ನಂತರ ಸಡಿಲಿಕೆ. ಹೊಸಬನು ಯಾವ ಯಾವ ಕೆಲಸವನ್ನು ಸ್ವತಂತ್ರವಾಗಿ ಮಾಡಬಲ್ಲವನಾದರೆ ಮನೆಯಿಂದ ಕೆಲಸಕ್ಕೆ ಅರ್ಹನೆಂಬುದನ್ನು ಮೊದಲೇ ತಿಳಿಸಿರಿ. ಸಡಿಲಿಕೆಯು ಮಾಲೀಕನ ಕೃಪೆಯಾಗದೆ ಗಳಿಕೆಯಾಗಲಿ.

3. ಹಿರಿಯರೂ ಅದೇ ದಿನ ಬರಲಿ. ಕಿರಿಯರು ಸೋಮವಾರ, ಹಿರಿಯರು ಗುರುವಾರ ಬಂದರೆ ಬಾಡಿಗೆ ಮತ್ತು ವಿದ್ಯುತ್ತಿನ ಖರ್ಚು ಮಾತ್ರ ಉಳಿಯುತ್ತದೆ.

4. ಕಲಿಸುವ ಸಮಯಕ್ಕೆ ಲೆಕ್ಕವಿಡಿರಿ. ಉದಾಹರಣೆಗೆ, ನಿಮ್ಮ ಹಿರಿಯ ಲೆಕ್ಕಿಗನ ಒಂದು ಗಂಟೆಯ ಬೆಲೆ 400 ರೂಪಾಯಿ ಎಂದು ಭಾವಿಸೋಣ. ವಾರಕ್ಕೆ ಮೂರು ಗಂಟೆ ಕಲಿಸಿದರೆ, 50 ವಾರಗಳಿಗೆ 60,000 ರೂಪಾಯಿ ಆಗುತ್ತದೆ. ಇದನ್ನು ತಿಳಿದು ಖರ್ಚು ಮಾಡಿರಿ. ಆ ಮೂರು ಗಂಟೆಗಳಷ್ಟು ಬೇರೆ ಕೆಲಸವನ್ನು ಅವನಿಂದ ಇಳಿಸಿರಿ. ಇಲ್ಲವಾದರೆ ಅವನು ಕಲಿಸುವುದಿಲ್ಲ. ಅದರಲ್ಲಿ ಅವನ ತಪ್ಪೂ ಇರುವುದಿಲ್ಲ.

5. ಉತ್ತರವನ್ನು ಬರಹದಲ್ಲಿ, ಕಾಲಮಿತಿಯೊಳಗೆ ಕೊಡಿರಿ. ಕಾನೂನು ಕಡ್ಡಾಯ ಮಾಡದಿದ್ದರೂ, ಕಾರಣ ತಿಳಿಸಿದ ನಿರಾಕರಣೆಯನ್ನು ನೌಕರನು ಸಹಿಸಿಕೊಳ್ಳುತ್ತಾನೆ. ಉತ್ತರವೇ ಇಲ್ಲದ ಮೌನವನ್ನು ಸಹಿಸುವುದಿಲ್ಲ.

6. ಯಂತ್ರದ ಮುಂದಿರುವವರನ್ನು ಮರೆಯದಿರಿ. ಲೇತ್ ಯಂತ್ರವನ್ನು ಯಾರೂ ಮನೆಗೆ ಒಯ್ಯಲಾರರು. ಕಛೇರಿ ಸಿಬ್ಬಂದಿಗೆ ಸಡಿಲಿಕೆ ಕೊಟ್ಟಾಗ, ಪಾಳಿ ಬದಲಾವಣೆ, ಮುಂಚಿತವಾಗಿ ತಿಳಿಸುವ ರಜೆ ಮುಂತಾದ ಸೌಲಭ್ಯಗಳನ್ನು ಕಾರ್ಮಿಕರಿಗೂ ಯೋಚಿಸುವುದು ನ್ಯಾಯ.

7. ದಾಖಲೆಗಳ ಭದ್ರತೆಯ ಬಗ್ಗೆ ಎಚ್ಚರವಿರಲಿ. ಮಾಲೀಕರ ಡಿಜಿಟಲ್ ಸಹಿಯ ಟೋಕನ್, ಬ್ಯಾಂಕಿನ ಪಾಸ್‌ವರ್ಡ್ ಮತ್ತು ಒ.ಟಿ.ಪಿ. ಯಾವ ನೌಕರನ ಮನೆಗೂ ಹೋಗಬಾರದು.

ಉಪಸಂಹಾರ

ಕಛೇರಿಗೆ ಬರಬೇಕೋ ಮನೆಯಲ್ಲಿರಬೇಕೋ ಎಂಬ ವಿವಾದದಲ್ಲಿ ಲಂಡನ್ನಿನ ಕಿರಿಯ ವಕೀಲರೂ ಅವರ ಹಿರಿಯರೂ ದಿನಗಳ ಸಂಖ್ಯೆಯ ಬಗ್ಗೆ ಚೌಕಾಸಿ ಮಾಡುತ್ತಿದ್ದಾರೆ. ನಮ್ಮ ಸದಸ್ಯರು ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು: ಇವನು ಬಂದ ದಿನ ಇವನಿಗೆ ಕಲಿಸುವವರು ಯಾರು? ಈ ಪ್ರಶ್ನೆಗೆ ಒಂದು ಹೆಸರು ಮತ್ತು ಒಂದು ಗಂಟೆ ನಿಗದಿಯಾಗಿದ್ದಲ್ಲಿ, ಹೊಸಬರನ್ನು ಕಛೇರಿಗೆ ಕರೆಯಲು ನಿಮಗೆ ಸಕಾರಣವಿದೆ. ಇಲ್ಲವಾದಲ್ಲಿ ನೀವು ಕೇಳುತ್ತಿರುವುದು ಹಾಜರಿಯನ್ನು ಮಾತ್ರ. ಹಾಜರಿಯಿಂದ ಯಾವ ಉದ್ಯಮವೂ ಇದುವರೆಗೆ ಲಾಭ ಗಳಿಸಿಲ್ಲ.