ರೆಸಾರ್ಟ್ ಕೈ ಬದಲಾಯಿತೇ? ಟೈಮ್‌ಶೇರ್ ಸದಸ್ಯರಿಗೆ ಹನ್ನೆರಡು ಸೂತ್ರಗಳು

ವರ್ಷಕ್ಕೊಂದು ವಾರ ಮಡಿಕೇರಿಯಲ್ಲೋ ಊಟಿಯಲ್ಲೋ ಗೋವಾದಲ್ಲೋ ತಂಗುವ ಹಕ್ಕಿಗೆಂದು ಲಕ್ಷಗಟ್ಟಲೆ ಕಟ್ಟಿದ್ದೀರಿ. ಇನ್ನೂ ಹತ್ತು ಹದಿನೈದು ವರ್ಷದ ಅವಧಿ ಬಾಕಿ ಇದೆ. ಅಷ್ಟರಲ್ಲಿ ಇಮೇಲ್ ಬರುತ್ತದೆ: ‘ಪ್ರಿಯ ಸದಸ್ಯರೇ, ಇನ್ನು ಮುಂದೆ ನಿಮ್ಮ ನೆಚ್ಚಿನ ರೆಸಾರ್ಟ್ ಹೊಸ ಆಡಳಿತದಡಿ ನಡೆಯಲಿದೆ.’ ಗೇಟಿನ ಬೋರ್ಡು ಬೇರೆ, ರಿಸೆಪ್ಷನ್ನಿನಲ್ಲಿ ಹೊಸ ಮುಖ, ಹಳೆಯ ರಿಲೇಷನ್‌ಶಿಪ್ ಮ್ಯಾನೇಜರ್ ಫೋನು ಎತ್ತುವುದಿಲ್ಲ.

ಇದು ಅಪರೂಪದ ಸಂಗತಿಯೇನಲ್ಲ. 1986ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ ಅನ್ನು ತನ್ನದಾಗಿಸಿಕೊಳ್ಳುವುದಾಗಿ 2014ರಲ್ಲಿ ಥಾಮಸ್ ಕುಕ್ ಇಂಡಿಯಾ ಪ್ರಕಟಿಸಿತು. ಅಮೆರಿಕದಲ್ಲಿ 2021ರಲ್ಲಿ ಡೈಮಂಡ್ ರೆಸಾರ್ಟ್ಸ್, 2024ರಲ್ಲಿ ಬ್ಲೂಗ್ರೀನ್ ವೆಕೇಷನ್ಸ್, ಎರಡೂ ಹಿಲ್ಟನ್ ಗ್ರ್ಯಾಂಡ್ ವೆಕೇಷನ್ಸ್ ಪಾಲಾದವು. ಕೈ ಬದಲಾದ ಮೇಲೆ ರೆಸಾರ್ಟ್ ಸುಧಾರಿಸಿದ್ದೂ ಉಂಟು, ಸೊರಗಿದ್ದೂ ಉಂಟು. ಎರಡೂ ಸಂದರ್ಭದಲ್ಲಿ ಸದಸ್ಯರನ್ನು ಕಾಯುವುದು ಅವರ ಕೈಯಲ್ಲಿರುವ ಕಾಗದ. ಅದನ್ನು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಗಾಬರಿಯಲ್ಲೋ ಆಸೆಯಲ್ಲೋ ಹಾಕಿದ ಒಂದು ಸಹಿಯಿಂದ ಕಳೆದುಕೊಳ್ಳುತ್ತಾರೆ. ಹಾಗಾಗದಿರಲು ಈ ಸೂತ್ರಗಳು.

1. ಬದಲಾದದ್ದು ಏನೆಂದು ಮೊದಲು ತಿಳಿಯಿರಿ

‘ಆಡಳಿತ ಬದಲಾಗಿದೆ’ ಎಂಬ ಒಂದೇ ಮಾತಿನ ಹಿಂದೆ ಐದು ಬಗೆಯ ವ್ಯವಹಾರ ಇರಬಹುದು.

ಒಂದು, ಕಂಪನಿಯ ಷೇರುಗಳು ಮಾರಾಟವಾಗಿವೆ. ಒಡೆಯರು ಬದಲಾದರೂ ಕಂಪನಿ ಅದೇ. ನಿಮ್ಮ ಕರಾರು ಇದ್ದ ಹಾಗೇ ಇರುತ್ತದೆ.

ಎರಡು, ಕಂಪನಿ ಇನ್ನೊಂದರಲ್ಲಿ ವಿಲೀನವಾಗಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ವಿಲೀನ ಯೋಜನೆಗೆ ಒಪ್ಪಿಗೆ ಕೊಡುತ್ತದೆ. ಹಳೆಯ ಕಂಪನಿಯ ಹೊಣೆಗಳು ಹೊಸದರ ಹೆಗಲಿಗೆ ಬೀಳುವುದು ಆ ಯೋಜನೆಯ ಮೂಲಕ.

ಮೂರು, ರೆಸಾರ್ಟನ್ನು ಮಾತ್ರ ಮಾರಿದ್ದಾರೆ. ಇಲ್ಲಿ ಎಚ್ಚರ ಬೇಕು. ಕಟ್ಟಡ ಕೊಂಡವರು ‘ನಿಮಗೆ ಮಾತು ಕೊಟ್ಟವರು ನಾವಲ್ಲ’ ಎನ್ನಬಹುದು.

ನಾಲ್ಕು, ಜಾಗದ ಮಾಲೀಕರು ಒಬ್ಬರು, ನಡೆಸುತ್ತಿದ್ದವರು ಇನ್ನೊಬ್ಬರು. ಅವರಿಬ್ಬರ ಲೀಸ್ ಮುಗಿದಿದೆ ಅಥವಾ ಮುರಿದಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಇಲ್ಲೇ. ನಿಮ್ಮ ಕರಾರು ನಡೆಸುತ್ತಿದ್ದವರ ಜೊತೆಗಾದರೆ, ಬೇರೆ ರೆಸಾರ್ಟಿನಲ್ಲಿ ಸರಿಸಮಾನ ಕೊಠಡಿ ಕೊಡುವ ಹೊಣೆ ಅವರದು. ಅವರನ್ನೇ ಹಿಡಿಯಿರಿ.

ಐದು, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದೆ. ಅದರ ದಾರಿಯೇ ಬೇರೆ. ಒಂಬತ್ತನೆಯ ಸೂತ್ರ ನೋಡಿ.

2. ಕೈಯಲ್ಲಿರುವುದು ಆಸ್ತಿಯೋ, ಬಳಕೆಯ ಹಕ್ಕೋ?

ಬೀರುವಿನಿಂದ ಕರಾರುಪತ್ರ ತೆಗೆಯಿರಿ. ಭಾರತದ ಹಾಲಿಡೇ ಮೆಂಬರ್‌ಶಿಪ್‌ಗಳು ಬಹುಮಟ್ಟಿಗೆ ಬಳಕೆಯ ಹಕ್ಕು ಮಾತ್ರ. ಇಷ್ಟು ವರ್ಷ, ವರ್ಷಕ್ಕೆ ಇಷ್ಟು ರಾತ್ರಿ, ಇಂಥ ಸೀಸನ್, ಇಂಥ ಅಳತೆಯ ಕೊಠಡಿ. ಜಮೀನಿನಲ್ಲಿ ನಿಮ್ಮ ಪಾಲು ಇರುವುದಿಲ್ಲ. ಟೈಮ್‌ಶೇರ್‌ಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ಆದ್ದರಿಂದ ಕರಾರಿನ ಒಂದೊಂದು ಸಾಲಿಗೂ ತೂಕ ಇದೆ.

ಅಮೆರಿಕದಲ್ಲಿ ಹಾಗಲ್ಲ. ಆರ್ಲ್ಯಾಂಡೊದಲ್ಲೋ ಲಾಸ್ ವೇಗಸ್‌ನಲ್ಲೋ ‘ಡೀಡ್’ ಇರುವ ವಾರ ಕೊಂಡ ಕನ್ನಡಿಗರಿದ್ದರೆ, ಅವರು ರೆಸಾರ್ಟಿನ ಸಣ್ಣ ಪಾಲುದಾರರು. ಮಾಲೀಕರ ಸಂಘದ ಮಂಡಳಿಗೆ ಮತ ಹಾಕುವ ಹಕ್ಕು ಅವರಿಗಿದೆ; ನಿರ್ವಹಣಾ ಕಂಪನಿಯನ್ನು ನೇಮಿಸುವುದು ಆ ಮಂಡಳಿ. ಅಂಥವರು ವಾರ್ಷಿಕ ಸಭೆಯ ನೋಟಿಸನ್ನು ಜಾಹೀರಾತೆಂದು ಕಸದ ಬುಟ್ಟಿಗೆ ಹಾಕಬಾರದು, ಪ್ರಾಕ್ಸಿ ಮತವನ್ನು ಯಾರಿಗೋ ಬಿಟ್ಟುಕೊಡಬಾರದು.

ಕರಾರಿನಲ್ಲಿ ಪೆನ್ಸಿಲ್ ಗುರುತು ಹಾಕಬೇಕಾದ ಷರತ್ತುಗಳು ನಾಲ್ಕು: ವರ್ಗಾವಣೆ, ಶುಲ್ಕ ಏರಿಕೆ, ಬದಲಿ ರೆಸಾರ್ಟ್, ಮೆಂಬರ್‌ಶಿಪ್ ರದ್ದತಿ.

3. ಕಂಪನಿಯ ಜಾತಕ ನೋಡಿ

ರಸೀದಿಯ ಮೂಲೆಯಲ್ಲಿ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಅದನ್ನು ಹಾಕಿ. ಕಂಪನಿ ಚಾಲ್ತಿಯಲ್ಲಿದೆಯೇ, ನಿರ್ದೇಶಕರು ಯಾರು, ನೋಂದಾಯಿತ ಕಚೇರಿ ಎಲ್ಲಿ ಎಂಬುದು ಸಿಗುತ್ತದೆ. ಬ್ರ್ಯಾಂಡಿನ ಹೆಸರು ಒಂದು, ಕರಾರಿಗೆ ಸಹಿ ಹಾಕಿದ ಕಂಪನಿಯ ಹೆಸರು ಇನ್ನೊಂದು ಇರುವುದು ಮಾಮೂಲು. ನೋಟಿಸ್ ಕಳಿಸುವಾಗ ಎರಡನೆಯದೇ ಮುಖ್ಯ.

4. ದಾಖಲೆಗಳನ್ನು ಇವತ್ತೇ ಇಳಿಸಿಕೊಳ್ಳಿ

ಹೊಸಬರು ಬಂದ ಮೇಲೆ ಹಳೆಯ ಆ್ಯಪ್ ಮುಚ್ಚುತ್ತದೆ, ಹಳೆಯ ಲಾಗಿನ್ ಕೆಲಸ ಮಾಡುವುದಿಲ್ಲ. ಉಳಿದಿರುವ ರಾತ್ರಿಗಳು, ಮುಂದಿನ ವರ್ಷಕ್ಕೆ ಸಾಗಿಸಿದ ದಿನಗಳು, ಕಟ್ಟಿದ ಶುಲ್ಕ, ಖಚಿತವಾದ ಬುಕಿಂಗ್ ಇವೆಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಕಾಣುವಂತಿರಲಿ. ಮಾರುವಾಗ ಕೊಟ್ಟ ಬಣ್ಣದ ಬ್ರೋಷರ್ ಇನ್ನೂ ಇದ್ದರೆ ಅದನ್ನೂ ಎಸೆಯಬೇಡಿ. ‘ಜೀವನಪೂರ್ತಿ ಜಿಮ್ ಉಚಿತ’ ಎಂದು ಅಚ್ಚಾದ ಸಾಲು ನಾಳೆ ಸಾಕ್ಷಿಯಾಗುತ್ತದೆ.

5. ಐದು ಪ್ರಶ್ನೆ ಕೇಳಿ, ಬರಹದಲ್ಲೇ ಕೇಳಿ

ಕಾಲ್ ಸೆಂಟರ್‌ನವರ ‘ಏನೂ ತೊಂದರೆ ಇಲ್ಲ ಸರ್’ ಎಂಬ ಮಾತಿಗೆ ಬೆಲೆ ಇಲ್ಲ. ಇಮೇಲ್ ಮಾಡಿ, ಅದರ ಪ್ರತಿಯನ್ನು ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ:

• ನನ್ನ ಕರಾರಿನ ಹೊಣೆ ಈಗ ಯಾವ ಕಂಪನಿಯದು?
• ಉಳಿದ ವರ್ಷಗಳು, ಸಂಗ್ರಹವಾದ ರಾತ್ರಿಗಳು ಹಾಗೇ ಮುಂದುವರಿಯುತ್ತವೆಯೇ?
• ಹಳೆಯ ಬುಕಿಂಗ್‌ಗಳಿಗೆ ಮಾನ್ಯತೆ ಇದೆಯೇ?
• ವಾರ್ಷಿಕ ಶುಲ್ಕವನ್ನು ಯಾರ ಖಾತೆಗೆ, ಯಾವ ದರದಲ್ಲಿ ಕಟ್ಟಬೇಕು?
• ಪಟ್ಟಿಯಿಂದ ಯಾವ ರೆಸಾರ್ಟ್‌ಗಳು ಹೊರಬಿದ್ದಿವೆ?

ಹದಿನೈದು ದಿನದ ಗಡುವು ಹಾಕಿ. ಉತ್ತರ ಬಂದರೆ ಒಳ್ಳೆಯದು, ಬಾರದಿದ್ದರೆ ಆ ಮೌನವೂ ಮುಂದೆ ನಿಮ್ಮ ಪರ ದಾಖಲೆ.

6. ಅಪ್‌ಗ್ರೇಡ್ ಕೂಟದಲ್ಲಿ ಪೆನ್ನು ಮುಟ್ಟಬೇಡಿ

ಹೊಸ ಆಡಳಿತ ಬಂದ ಕೆಲವೇ ತಿಂಗಳಲ್ಲಿ ಆಹ್ವಾನ ಬರುತ್ತದೆ. ಹೋಟೆಲಿನ ಹಾಲ್‌ನಲ್ಲಿ ‘ಸದಸ್ಯರ ಮಿಲನ’. ದುಂಡು ಮೇಜು, ಜೋರು ಸಂಗೀತ, ಪ್ಲೇಟಿನಲ್ಲಿ ಸಮೋಸ, ಎದುರಿಗೆ ಟೈ ಕಟ್ಟಿದ ಹುಡುಗ.

“ಆಂಟಿ, ನಿಮ್ಮ ಹಳೇ ಪ್ಲಾನ್ ಇನ್ನು ನಡೆಯಲ್ಲ. ಎರಡು ಲಕ್ಷ ಹಾಕಿದ್ರೆ ಪ್ರೀಮಿಯಂ ಆಗುತ್ತೆ. ಆಫರ್ ಇವತ್ತು ಸಂಜೆವರೆಗೆ ಮಾತ್ರ.”

“ಹಳೇ ಪ್ಲಾನ್ ನಡೆಯಲ್ಲ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಪ್ಪ, ಮನೇಲಿ ಓದಿ ಹೇಳ್ತೀವಿ.”

ಹುಡುಗ ಮ್ಯಾನೇಜರನ್ನು ಕರೆಯುತ್ತಾನೆ, ಮ್ಯಾನೇಜರ್ ಇನ್ನಷ್ಟು ರಿಯಾಯಿತಿ ತೋರಿಸುತ್ತಾನೆ, ಪತ್ರ ಮಾತ್ರ ಬರುವುದಿಲ್ಲ. ಕಾರಣ ಸರಳ. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ, ಹಳೆಯ ಕರಾರಿನ ಬದಲು ಹೊಸದನ್ನು ಮಾಡಿಕೊಳ್ಳಲು ಇಬ್ಬರೂ ಒಪ್ಪಿದರೆ ಹಳೆಯದನ್ನು ಪಾಲಿಸಬೇಕಾದ ಹೊಣೆ ಉಳಿಯುವುದಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಅದು ಆಗದು. ಆ ಒಪ್ಪಿಗೆಗಾಗಿಯೇ ಇಷ್ಟೆಲ್ಲ ಸಮೋಸ.

ಹೊಸ ಬ್ರ್ಯಾಂಡಿನ ಎಲ್ಲ ರೆಸಾರ್ಟ್‌ಗಳೂ ತಾನಾಗಿಯೇ ನಿಮಗೆ ತೆರೆದುಕೊಳ್ಳುತ್ತವೆ ಎಂದೂ ನಂಬಬೇಡಿ. ಡೈಮಂಡ್ ಅನ್ನು ಕೊಂಡ ಮೇಲೆ ಹಿಲ್ಟನ್ ಗ್ರ್ಯಾಂಡ್ ವೆಕೇಷನ್ಸ್ 2022ರಲ್ಲಿ ‘ಮ್ಯಾಕ್ಸ್’ ಎಂಬ ಹೊಸ ಶ್ರೇಣಿ ತಂದಿತು. ಹಳೆಯ ಸದಸ್ಯತ್ವಕ್ಕೆ ಅದು ತಾನಾಗಿ ಸೇರಲಿಲ್ಲ. ಅಲ್ಲಿ ಗಡಿಬಿಡಿಯಲ್ಲಿ ಸಹಿ ಹಾಕಿದವರಿಗೆ ಕಾನೂನು ಒಂದಿಷ್ಟು ಉಸಿರಾಡಲು ಬಿಡುತ್ತದೆ: ಫ್ಲಾರಿಡಾದಲ್ಲಿ ಟೈಮ್‌ಶೇರ್ ಖರೀದಿಯನ್ನು ಹತ್ತು ದಿನದೊಳಗೆ ರದ್ದು ಮಾಡಬಹುದು. ನಮ್ಮಲ್ಲಿ ಅಂಥ ಅವಧಿ ಇದ್ದರೆ ಅದು ಕಂಪನಿಯ ನಿಯಮದಲ್ಲಿ ಇರಬೇಕು. ಇದೆಯೇ ಎಂದು ಸಹಿಗೆ ಮೊದಲೇ ನೋಡಿ.

7. ಶುಲ್ಕ ನಿಲ್ಲಿಸಬೇಡಿ, ಆಕ್ಷೇಪಿಸಿ ಕಟ್ಟಿ

ಸಿಟ್ಟಿನಲ್ಲಿ ವಾರ್ಷಿಕ ನಿರ್ವಹಣಾ ಶುಲ್ಕ ನಿಲ್ಲಿಸುವುದೇ ಸದಸ್ಯರು ಮಾಡುವ ದೊಡ್ಡ ತಪ್ಪು. ಬಾಕಿ ಉಳಿದೊಡನೆ ಬುಕಿಂಗ್ ಬಂದ್. ಬಾಕಿ ಬೆಳೆದರೆ ಮೆಂಬರ್‌ಶಿಪ್ಪೇ ರದ್ದು. ಆಮೇಲೆ ‘ಮೊದಲು ತಪ್ಪಿದ್ದು ನೀವೇ’ ಎಂದು ಎದುರು ಪಕ್ಷ ವಾದಿಸುತ್ತದೆ.

ಬಿಲ್ಲನ್ನು ಬಿಡಿಸಿ ನೋಡಿ. ಮೂಲ ಶುಲ್ಕ ಎಷ್ಟು ಏರಿದೆ? ಕರಾರು ಒಪ್ಪುವ ಪ್ರಮಾಣದಲ್ಲಿದೆಯೇ? ಅದರ ಮೇಲಿನ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದಾರೆಯೇ? ‘ನವೀಕರಣ ವಂತಿಗೆ’ಯಂಥ ಹೊಸ ಸಾಲು ನುಸುಳಿದೆಯೇ? ಏರಿಕೆ ಸರಿಯಿಲ್ಲದಿದ್ದರೆ ‘ಹಕ್ಕು ಬಿಟ್ಟುಕೊಡದೆ, ಆಕ್ಷೇಪದೊಂದಿಗೆ ಕಟ್ಟುತ್ತಿದ್ದೇನೆ’ ಎಂದು ಇಮೇಲ್ ಬರೆದು ಕಟ್ಟಿ. ಬ್ಯಾಂಕಿನಿಂದ ತಾನಾಗಿ ಹಣ ಕಡಿತವಾಗುವ ಆದೇಶ ಕೊಟ್ಟಿದ್ದರೆ, ಹಣ ಹೋಗುತ್ತಿರುವುದು ಯಾವ ಕಂಪನಿಗೆ ಎಂಬುದನ್ನೂ ಪರಿಶೀಲಿಸಿ.

8. ಸೀಸನ್ ಪಟ್ಟಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿ

ಸೌಲಭ್ಯ ಕಡಿತ ಸದ್ದು ಮಾಡಿ ಬರುವುದಿಲ್ಲ. ಸೀಸನ್ ಪಟ್ಟಿಯ ಒಂದು ಬಣ್ಣ ಬದಲಾಗುವುದರಲ್ಲಿ ಬರುತ್ತದೆ. ದಸರಾ ರಜೆಯ ವಾರ ನಿಮ್ಮ ಸೀಸನ್ನಿನಲ್ಲಿತ್ತು, ಹೊಸ ಪಟ್ಟಿಯಲ್ಲಿ ಅದು ಒಂದು ಮೆಟ್ಟಿಲು ಮೇಲೇರಿದೆ. ನಿಮಗೆ ಉಳಿದದ್ದು ಜುಲೈ ತಿಂಗಳ ಕೊಡಗಿನ ಜಡಿಮಳೆ ಮತ್ತು ಜಿಗಣೆ. ರಾತ್ರಿಗಳ ಲೆಕ್ಕ ಮಾತ್ರ ಕಾಗದದ ಮೇಲೆ ಏಳೇ ಇರುತ್ತದೆ.

ಪರೀಕ್ಷೆಗೆಂದು ಬೇರೆ ಬೇರೆ ತಿಂಗಳಿಗೆ ಬುಕಿಂಗ್ ಕೇಳಿ. ಸದಸ್ಯರಿಗೆ ‘ಕೊಠಡಿ ಇಲ್ಲ’ ಎಂದ ದಿನವೇ ಅದೇ ರೆಸಾರ್ಟ್ ಪ್ರವಾಸಿ ಜಾಲತಾಣಗಳಲ್ಲಿ ಹೊರಗಿನವರಿಗೆ ಸಿಗುತ್ತಿದ್ದರೆ, ಎರಡೂ ಪರದೆಗಳ ಚಿತ್ರ ತೆಗೆದಿಡಿ. ಆರ್‌ಸಿಐನಂಥ ವಿನಿಮಯ ಜಾಲಕ್ಕೆ ನಿಮ್ಮ ವಾರ ಜಮೆ ಮಾಡಿದ್ದರೆ, ರೆಸಾರ್ಟಿನ ಸಂಬಂಧ ಆ ಜಾಲದ ಜೊತೆ ಉಳಿದಿದೆಯೇ ಎಂದು ನೇರವಾಗಿ ಅವರನ್ನೇ ಕೇಳಿ.

9. ದಿವಾಳಿಯಾದರೆ ದಿನ ಎಣಿಸಿ

2016ರ ದಿವಾಳಿ ಸಂಹಿತೆಯಡಿ ಪ್ರಕ್ರಿಯೆ ಶುರುವಾದರೆ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಬರುತ್ತದೆ. ಹಣ ಬರಬೇಕಾದವರು ತಮ್ಮ ಹಕ್ಕು ಸಲ್ಲಿಸಲು ಅದರಲ್ಲಿ ಕೊಡುವುದು ಸಾಮಾನ್ಯವಾಗಿ ಎರಡೇ ವಾರ. ಈ ಅವಧಿಯಲ್ಲಿ ಕಂಪನಿಯ ವಿರುದ್ಧ ಹೊಸ ದಾವೆ ಹೂಡಲಾಗದು, ನಡೆಯುತ್ತಿರುವುದೂ ನಿಲ್ಲುತ್ತದೆ. ಕೊನೆಗೆ ಮಂಜೂರಾಗುವ ಪರಿಹಾರ ಯೋಜನೆ ಎಲ್ಲರನ್ನೂ ಕಟ್ಟಿಹಾಕುತ್ತದೆ. ಅದರಲ್ಲಿ ಸೇರದ ಬಾಕಿಗಳು ಅಳಿದುಹೋಗುತ್ತವೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ರಸೀದಿಗಳೊಂದಿಗೆ ಗಡುವಿನೊಳಗೇ ಅರ್ಜಿ ಹಾಕಿ.

10. ಒಂಟಿಯಾಗಿ ಗೋಗರೆಯಬೇಡಿ

ಒಬ್ಬರ ಇಮೇಲ್ ‘ದೂರು’, ಇನ್ನೂರು ಜನರದ್ದು ‘ಸಮಸ್ಯೆ’. ವಾಟ್ಸ್‌ಆ್ಯಪ್ ಗುಂಪು ಮಾಡಿ. ಆದರೆ ಶುಭೋದಯದ ಹೂವಿಗೆ ಅಲ್ಲಿ ಜಾಗ ಬೇಡ. ಯಾರು, ಯಾವ ವರ್ಷ, ಎಷ್ಟು ಕಟ್ಟಿದ್ದಾರೆ, ಏನು ತಪ್ಪಿದೆ ಎಂಬ ಒಂದೇ ಪಟ್ಟಿ ಸಿದ್ಧಪಡಿಸಿ. ಒಂದೇ ಬಗೆಯ ತೊಂದರೆ ಇರುವ ಅನೇಕರ ಪರವಾಗಿ ಕೆಲವರು, ಗ್ರಾಹಕ ಆಯೋಗದ ಅನುಮತಿ ಪಡೆದು, ಒಟ್ಟಾಗಿ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ.

ದಾರಿಯ ಕ್ರಮ ಹೀಗಿರಲಿ: ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಲೀಗಲ್ ನೋಟಿಸ್, ಆಮೇಲೆ ಆಯೋಗ. ನೀವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಂಪನಿಯ ಊರಿಗೆ ಅಲೆಯಬೇಕಿಲ್ಲ. ನೀವು ಕಟ್ಟಿದ ಮೊತ್ತ ₹50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗ, ₹5 ಲಕ್ಷದವರೆಗೆ ಶುಲ್ಕವೂ ಇಲ್ಲ. ಗ್ರಾಹಕರ ಒಪ್ಪಿಗೆ ಇಲ್ಲದೆ, ಅವರಿಗೆ ನಷ್ಟವಾಗುವಂತೆ, ಕರಾರನ್ನು ಬೇರೆಯವರಿಗೆ ವರ್ಗಾಯಿಸಲು ಬಿಡುವ ಷರತ್ತನ್ನು ಇದೇ ಕಾಯ್ದೆ ‘ಅನ್ಯಾಯದ ಕರಾರು’ ಎಂದು ಗುರುತಿಸುತ್ತದೆ. ಅದನ್ನು ಪ್ರಶ್ನಿಸಬೇಕಾದದ್ದು ರಾಜ್ಯ ಆಯೋಗದಲ್ಲಿ. ಗಡುವು ಎರಡು ವರ್ಷ. ‘ನೋಡೋಣ, ಸರಿಹೋಗಬಹುದು’ ಎನ್ನುತ್ತಲೇ ಅದು ಕಳೆದುಹೋಗುತ್ತದೆ.

11. ಹಣ ವಾಪಸ್ ಕೊಡಿಸುವವರಿಂದ ದೂರ ಇರಿ

ಆಡಳಿತ ಬದಲಾದ ಸುದ್ದಿ ಹಬ್ಬಿದೊಡನೆ ಫೋನುಗಳು ಶುರು. ‘ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಇದ್ದಾರೆ, ನೋಂದಣಿಗೆ ಮೂವತ್ತು ಸಾವಿರ ಕಳಿಸಿ.’ ಗಿರಾಕಿ ಇದ್ದರೆ ಕಮಿಷನ್ ಅನ್ನು ಅವರ ಹಣದಿಂದಲೇ ಹಿಡಿದುಕೊಳ್ಳಲಿ. ಮುಂಗಡ ಕೇಳಿದರೆ ಫೋನ್ ಇಡಿ.

ಹೊಸ ಆಡಳಿತವೇ ‘ರಜೆ ಬೇಡದಿದ್ದರೆ ಲಾಭಸಹಿತ ಹಣ ಕೊಡುತ್ತೇವೆ’ ಎಂದರೆ ಇನ್ನೂ ಹುಷಾರಾಗಿರಿ. ರಜೆಯ ಹೆಸರಿನಲ್ಲಿ ಹಣ ಎತ್ತಿದ ಪ್ಯಾನ್‌ಕಾರ್ಡ್ ಕ್ಲಬ್ಸ್‌ನ ಯೋಜನೆ ಅನಧಿಕೃತ ಸಾಮೂಹಿಕ ಹೂಡಿಕೆ ಎಂದು ಹೇಳಿ, ಹಣ ಮರಳಿಸಲು ಸೆಬಿ 2016ರಲ್ಲಿ ಆದೇಶಿಸಿತ್ತು. ರಜೆ ಮಾರುವವರು ಬಡ್ಡಿಯ ಮಾತು ಎತ್ತಬಾರದು.

12. ಉಳಿಯಬೇಕೋ ಬಿಡಬೇಕೋ, ಲೆಕ್ಕ ಹೇಳಲಿ

ಮೊದಲು ಕಟ್ಟಿದ ಲಕ್ಷಗಳನ್ನು ಈ ಲೆಕ್ಕಕ್ಕೆ ತರಬೇಡಿ; ಆ ಹಣ ಹೋಗಿಯಾಗಿದೆ. ಇನ್ನು ಮುಂದೆ ಕಟ್ಟುವುದನ್ನು ಮಾತ್ರ ನೋಡಿ. ವಾರ್ಷಿಕ ಶುಲ್ಕ ₹20,000, ಅದರ ಮೇಲೆ ಶೇ 18 ಜಿಎಸ್‌ಟಿ ಎಂದುಕೊಳ್ಳಿ, ಒಟ್ಟು ₹23,600. ಏಳೂ ರಾತ್ರಿ ಬಳಸಿದರೆ ರಾತ್ರಿಗೆ ಸುಮಾರು ₹3,370. ಮೂರೇ ರಾತ್ರಿ ಸಿಕ್ಕರೆ ಅದೇ ಕೊಠಡಿ ₹7,870ರ ಸಮೀಪ. ಅದೇ ಊರಿನಲ್ಲಿ, ಅದೇ ದಿನಗಳಿಗೆ, ಅಂಥದೇ ಹೋಟೆಲಿನ ದರ ಎಷ್ಟಿದೆ ನೋಡಿ. ಬುಕಿಂಗ್ ಸಲೀಸಾಗಿ ಸಿಗುತ್ತಿದ್ದು, ಕೊಠಡಿ ಅಚ್ಚುಕಟ್ಟಾಗಿದ್ದರೆ ಹೊಸ ಆಡಳಿತದ ಬಗ್ಗೆ ಮುನಿಸು ಬೇಡ, ಮಕ್ಕಳನ್ನು ಕರೆದುಕೊಂಡು ಹೊರಡಿ. ಲೆಕ್ಕ ಕೂಡದಿದ್ದರೆ ಬಿಟ್ಟುಬಿಡಿ. ಆದರೆ ಬಿಡುವಾಗ ‘ಯಾವುದೇ ಬಾಕಿ ಇಲ್ಲ, ಮುಂದಿನ ಶುಲ್ಕಕ್ಕೆ ಸದಸ್ಯರು ಹೊಣೆಯಲ್ಲ’ ಎಂಬ ಪತ್ರವನ್ನು ಕಂಪನಿಯ ಮೊಹರು ಸಹಿತ ಪಡೆಯದೆ ಹೊರಬರಬೇಡಿ. ಅದಿಲ್ಲದಿದ್ದರೆ ನೀವು ಬಿಟ್ಟರೂ ಬಿಲ್ಲು ನಿಮ್ಮನ್ನು ಬಿಡುವುದಿಲ್ಲ.